ಕಳೆದುಹೋದ ಅಪ್ಪ ಅಮ್ಮಂದಿರ ರಿಜಿಸ್ಟರು

ನಾನು ಟ್ರೇನಿಯಾಗಿದ್ದ ರೆಸಾರ್ಟಿನಲ್ಲಿ ಒಂದು ಮಗುವೂ ಎಂದೂ ಕಳೆದುಹೋಗಿಲ್ಲ. ಕಳೆದುಹೋಗುತ್ತಿದ್ದವರು ಅಪ್ಪ ಅಮ್ಮಂದಿರು ಮಾತ್ರ. ಇದು ನನ್ನ ಅಭಿಪ್ರಾಯವಲ್ಲ, ನಮ್ಮ ಫ್ರಂಟ್ ಆಫೀಸ್ ಸೂಪರ್‌ವೈಸರರದು. ಅಭಿಪ್ರಾಯ ಯಾರಿಗೆ ಬೇಕಾದರೂ ಇರಬಹುದು. ಇವರ ಬಳಿ ದಪ್ಪ ರಟ್ಟಿನ, ಕೆಂಪು ಗೆರೆ ಹಾಕಿದ ರಿಜಿಸ್ಟರೇ ಇತ್ತು.

ಕೆ.ಆರ್. ಪುರಂನಲ್ಲಿ ತೂಗುಸೇತುವೆ ಹೊಸದಾಗಿ ಎದ್ದಿದ್ದ ಕಾಲ. ಅದನ್ನು ದಾಟಿ ಇನ್ನಷ್ಟು ದೂರ ಹೋದರೆ ನೀರಾಟದ ಪಾರ್ಕು, ಪಾರ್ಕಿಗೆ ಅಂಟಿಕೊಂಡು ಹೋಟೆಲು. ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದ ನಾನು ದಿನಾ ಹಲಸೂರಿನಿಂದ ಬಸ್ಸಿನಲ್ಲಿ ಹೋಗಿ ಅದರ ರಿಸೆಪ್ಷನ್ನಿನಲ್ಲಿ ನಿಲ್ಲಬೇಕಿತ್ತು. ಕೂರಬೇಕಿತ್ತು ಎಂದು ಬರೆಯಲು ಆಸೆ, ಆದರೆ ಅಲ್ಲಿ ನಮಗೆ ಕುರ್ಚಿ ಇರಲಿಲ್ಲ. ಕೊನೆಗೆ ಸೂಪರ್‌ವೈಸರ್ ಸಹಿ ಹಾಕಿದ ಸರ್ಟಿಫಿಕೇಟು ತಂದರೆ ಕಾಲೇಜಿನಲ್ಲಿ ಪಾಸು. ನನಗಿದ್ದ ಒಂದೇ ಅರ್ಹತೆಯೆಂದರೆ ಎಂಟನೇ ತರಗತಿಯಿಂದ ಗೆದ್ದು ತಂದ ಚರ್ಚಾಸ್ಪರ್ಧೆಯ ಕಪ್ಪುಗಳು. ಹೋಟೆಲಿನಲ್ಲಿ ಅದು ಅರ್ಹತೆಯಲ್ಲ, ಕಾಯಿಲೆ ಎಂದು ಮೊದಲ ವಾರದಲ್ಲೇ ತಿಳಿಯಿತು.

ಸೂಪರ್‌ವೈಸರು ಕಾಕ್ಸ್ ಟೌನಿನವರು, ಐವತ್ತು ದಾಟಿದವರು. ಕನ್ನಡ, ತಮಿಳು, ದಖನಿ ಉರ್ದು, ಇಂಗ್ಲಿಷು ನಾಲ್ಕನ್ನೂ ಒಂದೇ ರಾಗದಲ್ಲಿ ಆಡುತ್ತಿದ್ದರು. ವಾಕ್ಯ ಮುಗಿಯುವ ತನಕ ಅದು ಯಾವ ಭಾಷೆಯೆಂದು ಹೇಳಲಾಗುತ್ತಿರಲಿಲ್ಲ. ಫೋನು ಬಂದರೆ ನಿಂತಲ್ಲೇ ಇನ್ನಷ್ಟು ನೆಟ್ಟಗೆ ನಿಂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಎತ್ತುತ್ತಿದ್ದರು. ಆ ಕಡೆಯವರಿಗೆ ಇದೆಲ್ಲ ಹೇಗೆ ಕಾಣಬೇಕು ಎಂದು ಕೇಳಿದೆ. "ಕಾಣಲ್ಲಮ್ಮ, ಕೇಳ್ಸುತ್ತೆ" ಅಂದರು.

ಅವರು ಯಾರೊಡನೆಯೂ ವಾದ ಮಾಡುತ್ತಿರಲಿಲ್ಲ. ಒಮ್ಮೆ ಇಂದಿರಾನಗರದ ಒಬ್ಬರು ರೂಮಿನ ಎ.ಸಿ. ಸರಿಯಿಲ್ಲವೆಂದು ಕೂಗಾಡುತ್ತ ಬಂದರು. ನಾನು ಮೂರು ಅಂಶಗಳ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಇವರು ನನ್ನನ್ನು ಪಕ್ಕಕ್ಕೆ ಸರಿಸಿದರು.

"ತುಂಬ ಕೆಟ್ಟ ಎ.ಸಿ. ಸರ್ ಅದು."

"ಮತ್ತೆ? ನಾನು ಹೇಳ್ತಿರೋದೂ ಅದೇ."

"ಸದ್ದು ಬೇರೆ. ನಿದ್ದೆ ಎಲ್ಲಿ ಬರುತ್ತೆ?"

"ಇಲ್ಲ, ಸದ್ದು ಅಷ್ಟೇನಿಲ್ಲ."

"ತಣ್ಣಗೂ ಆಗಲ್ಲ ಸರ್."

"ಆಗುತ್ತೆ ರೀ, ಸ್ವಲ್ಪ ಲೇಟಾಗುತ್ತೆ ಅಷ್ಟೆ. ನೀವು ಸುಮ್ನೆ ದೊಡ್ಡದು ಮಾಡ್ಬೇಡಿ."

ಆತ ನಮ್ಮ ಎ.ಸಿ.ಯ ಪರವಾಗಿ ಇನ್ನೆರಡು ಮಾತಾಡಿ ರೂಮಿಗೆ ಹಿಂತಿರುಗಿದರು. ನನ್ನ ಮೂರು ಅಂಶಗಳು ಇನ್ನೂ ನನ್ನಲ್ಲೇ ಇವೆ.

ಈಗ ರಿಜಿಸ್ಟರಿನ ವಿಷಯ. ಪಾರ್ಕಿಗೆಲ್ಲ ಕೇಳುವಂಥ ಮೈಕು ನಮ್ಮ ರಿಸೆಪ್ಷನ್ನಿನಲ್ಲಿತ್ತು. ಹಾಗಾಗಿ ಜನಸಂದಣಿಯಲ್ಲಿ ಒಂಟಿಯಾದ ಮಕ್ಕಳನ್ನು ಕಾವಲುಗಾರರು ನಮ್ಮ ಹತ್ತಿರ ತಂದು ಬಿಡುತ್ತಿದ್ದರು. ಸೂಪರ್‌ವೈಸರು ಮಗುವಿಗೆ ಎರಡು ಬಿಸ್ಕತ್ತು ಕೊಟ್ಟು ಕೌಂಟರಿನ ಮೇಲೆ ಕೂರಿಸಿ, ರಿಜಿಸ್ಟರು ತೆರೆದು, "ಹೇಳಪ್ಪ, ನಿನ್ನ ಕಡೆಯವರು ಯಾರು ಕಳೆದುಹೋದ್ರು?" ಎಂದು ಕೇಳುತ್ತಿದ್ದರು. ಅಳುತ್ತಿದ್ದ ಮಗುವಿಗೆ ಒಮ್ಮೆಲೇ ಜವಾಬ್ದಾರಿ ಬಂದುಬಿಡುತ್ತಿತ್ತು. ಆಮೇಲೆ ಮೈಕು:

"ಎಲ್ಲರ ಗಮನಕ್ಕೆ. ಒಬ್ಬ ತಂದೆ ಕಳೆದುಹೋಗಿದ್ದಾರೆ. ಸುಮಾರು ನಲವತ್ತು ವರ್ಷ. ಹಳದಿ ಟೀ ಶರ್ಟು, ಮೀಸೆ ಇದೆ. ಹೆದರಿರಬಹುದು. ಕಂಡವರು ದಯವಿಟ್ಟು ರಿಸೆಪ್ಷನ್ನಿಗೆ ಕರೆತನ್ನಿ. ಮಗಳು ಕಾಯ್ತಿದ್ದಾಳೆ."

ಇದೇ ನಾಲ್ಕೂ ಭಾಷೆಗಳಲ್ಲಿ. ಶಿವಾಜಿನಗರದ ಒಬ್ಬ ಹುಡುಗನನ್ನು ತಂದೆಯ ಗುರುತೇನು ಎಂದು ಕೇಳಿದರೆ, "ಅಬ್ಬಾ ಬಹುತ್ ಜೋರ್ ಸೇ ಛೀಂಕ್ತೇ" ಅಂದ. ಜೋರಾಗಿ ಸೀನುವ ತಂದೆ ಬೇಕಾಗಿದ್ದಾರೆಂದು ಹಾಗೆಯೇ ಪ್ರಕಟಣೆ ಹೋಯಿತು. ಮೂವರು ಬಂದರು. ಅವರಲ್ಲೊಬ್ಬರಿಗೆ ಮಕ್ಕಳೇ ಇರಲಿಲ್ಲ, ಹೆಂಡತಿ ಕಳಿಸಿದ್ದಳಂತೆ.

ಬಂದ ತಂದೆಯ ಬಲಗೈಗೆ ಇವರು ಮೊದಲು ಪೆನ್ನು ತುರುಕುತ್ತಿದ್ದರು. 'ಕಳೆದುಹೋದವರು', 'ಕಾಯುತ್ತಿದ್ದವರು', 'ಸಿಕ್ಕವರ ಸಹಿ' ಎಂದು ಮೂರು ಕಾಲಮ್ಮು. ಮೂರನೆಯದರಲ್ಲಿ ತಂದೆ ಸಹಿ ಮಾಡಬೇಕು. ಸುತ್ತ ನಿಂತವರು ನಗುತ್ತಿರುವಾಗ ಅವರು ಕಿವಿ ಕೆಂಪಗೆ ಮಾಡಿಕೊಂಡು ಸಹಿ ಹಾಕಿ, ಮಗುವಿನ ಬೆರಳು ಹಿಡಿದು ಹೊರಟುಹೋಗುತ್ತಿದ್ದರು.

ತರ್ಕ ಕಲಿತವರು ಇದನ್ನು ಎಷ್ಟು ದಿನ ಸಹಿಸಬಹುದು? ಒಂದು ದಿನ ಕೇಳಿಯೇಬಿಟ್ಟೆ. "ಸರ್, ಕಳೆದುಹೋಗಿರೋದು ಮಗು. ನೀವು ಉಲ್ಟಾ ಬರೀತಿದ್ದೀರ."

"ಮಗು ಎಲ್ಲಿದೆ?"

"ಇಲ್ಲೇ."

"ಅದರಪ್ಪ?"

"ಗೊತ್ತಿಲ್ಲ."

"ಎಲ್ಲಿದಾರೆ ಅಂತ ಗೊತ್ತಿಲ್ದೆ ಇರೋರು ತಾನೇ ಕಳೆದುಹೋದೋರು?"

ಎಂಟನೇ ತರಗತಿಯಿಂದ ಸೋಲದವಳು ಬಿಸ್ಕತ್ತಿನ ಡಬ್ಬದ ಪಕ್ಕದಲ್ಲಿ ಸೋತೆ. ಸೋತವರಿಗೆ ಮೇಲ್ಮನವಿಯ ಹಕ್ಕಿದೆಯಲ್ಲ? ಆ ವಾರ ಮ್ಯಾನೇಜರಿಗೆ ಕೊಡಬೇಕಿದ್ದ ಟ್ರೇನಿಂಗ್ ವರದಿಯಲ್ಲಿ ಒಂದು ಪುಟ ಇದಕ್ಕೇ ಮೀಸಲಿಟ್ಟೆ. ದಾಖಲೆ ಅಶಾಸ್ತ್ರೀಯ, ಪ್ರಕಟಣೆ ಗೊಂದಲಕಾರಿ, ಗೆಸ್ಟುಗಳಿಗೆ ಮುಜುಗರ. ಒಳ್ಳೆಯ ಪುಟ. ಈಗಲೂ ಅದರ ಭಾಷೆಯಲ್ಲಿ ತಪ್ಪು ಹುಡುಕಲಾರೆ.

ಮ್ಯಾನೇಜರಿಗೆ ಬಹಳ ಹಿಡಿಸಿತು. ಮೂರೇ ದಿನದಲ್ಲಿ 'ಕಳೆದುಹೋದ ಮಗು' ಎಂದು ಅಚ್ಚಾದ ಫಾರಮ್ಮುಗಳ ಕಟ್ಟು ಬಂತು. ಇನ್ನು ರಿಜಿಸ್ಟರು ಮುಟ್ಟಕೂಡದೆಂದು ಆಜ್ಞೆಯಾಯಿತು. ಸೂಪರ್‌ವೈಸರು ಅದನ್ನು ಬಟ್ಟೆಯಿಂದ ಒರೆಸಿ ಡ್ರಾಯರಿನಲ್ಲಿಟ್ಟರು. ನನ್ನನ್ನು ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಭಾನುವಾರ ಆರು ವರ್ಷದ ಹುಡುಗನೊಬ್ಬ ಬಂದ. ನಮ್ಮ ಹಲಸೂರಿನವನೇ. ಫಾರಮ್ಮು ತುಂಬಿದೆ. ಕಳೆದುಹೋದ ಮಗು ಸಿಕ್ಕಿದೆಯೆಂದು ಶಾಸ್ತ್ರೀಯವಾಗಿ ಪ್ರಕಟಿಸಿದೆ. ಹುಡುಗ ಕೌಂಟರಿನ ಮೇಲೆ ಕಾಲಾಡಿಸುತ್ತ ಬಿಸ್ಕತ್ತಿನ ಅಂಚನ್ನು ಸುತ್ತಲೂ ಕಚ್ಚಿ ದುಂಡಗೆ ಮಾಡುತ್ತಿದ್ದ. ಅಪ್ಪ ಓಡಿ ಬಂದರು. ಒದ್ದೆ ತಲೆ, ಏದುಸಿರು, ಬಿಳಿಚಿದ ಮುಖ. "ಎಲ್ಲೋ ಹೋಗಿದ್ದೆ?" ಎಂದವರೇ ರಪ್ಪನೆ ಒಂದು ಕೊಟ್ಟರು. ಅಲ್ಲಿಯವರೆಗೆ ಅಳದಿದ್ದ ಹುಡುಗ ಆಗ ಅತ್ತ. ಅಪ್ಪ ಅವನನ್ನು ಎದೆಗೆ ಅವುಚಿಕೊಂಡು ತಾವೂ ಅತ್ತರು. ಬಿಸ್ಕತ್ತು ನನ್ನ ಶೂ ಮೇಲೆ ಬಿದ್ದಿತ್ತು.

ನಾನು ಬಂದು ಆರು ವಾರವಾಗಿತ್ತು. ಆ ಕೌಂಟರಿನಲ್ಲಿ ಏಟು ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಕ್ಕಳು ಸಿಕ್ಕ ಕೂಡಲೇ ಮೊದಲು ಏಟು, ಆಮೇಲೆ ಅಪ್ಪುಗೆ, ಇದು ನಮ್ಮಲ್ಲಿ ಮನೆಮನೆಯ ಕ್ರಮ. ಆದರೆ ತಾನೇ ಕಳೆದುಹೋಗಿದ್ದೇನೆಂದು ನಾಲ್ಕು ಭಾಷೆಯಲ್ಲಿ ಕೇಳಿಸಿಕೊಂಡು ಬಂದವನು ಯಾವ ಮುಖದಲ್ಲಿ ಕೈ ಎತ್ತುತ್ತಾನೆ? ಎತ್ತೋಣವೆಂದರೂ ಆ ಕೈಯಲ್ಲಿ ಪೆನ್ನಿದೆ. ಸೂಪರ್‌ವೈಸರ ಕಡೆ ನೋಡಿದೆ. ಅವರು ಕೌಂಟರಿನ ಗಂಟೆಯನ್ನು ಒರೆಸುತ್ತಿದ್ದರು. ಅದು ಆಗಲೇ ಹೊಳೆಯುತ್ತಿತ್ತು.

ಮರುದಿನ ಮ್ಯಾನೇಜರ ಮುಂದೆ ನಿಂತೆ.

"ರಿಜಿಸ್ಟರ್ ವಾಪಸ್ ಬೇಕು ಸರ್."

"ಬೇಡ ಅಂತ ಬರೆದಿದ್ದು ನೀವೇ ಅಲ್ವೇನ್ರೀ?"

"ಹೌದು. ಆ ವಾದ ತುಂಬ ಚೆನ್ನಾಗಿದೆ. ತಪ್ಪಾಗಿದೆ."

ಇಪ್ಪತ್ತು ನಿಮಿಷ ನನ್ನ ಪುಟವನ್ನು ನಾನೇ ಸಾಲುಸಾಲಾಗಿ ಖಂಡಿಸಿದೆ. ನನ್ನಷ್ಟು ಹಟಮಾರಿ ಎದುರಾಳಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಕಡೆಗೆ ಮ್ಯಾನೇಜರಿಗೆ ಊಟದ ಹೊತ್ತಾಯಿತು. ರಿಜಿಸ್ಟರು ಡ್ರಾಯರಿನಿಂದ ಹೊರಬಂತು. ನನ್ನ ವರದಿಯ ಕೆಳಗೆ 'ಅಭಿಪ್ರಾಯದಲ್ಲಿ ಸ್ಥಿರತೆ ಇಲ್ಲ' ಎಂಬ ಷರಾ ಬಿತ್ತು. ಅದು ನ್ಯಾಯವೇ.

ಕೊನೆಯ ದಿನ ಸರ್ಟಿಫಿಕೇಟನ್ನು ಸಹಿಗೆ ಇಟ್ಟು ಕೇಳಿದೆ. "ಚಿಕ್ಕವರಿದ್ದಾಗ ನೀವು ಎಲ್ಲಾದ್ರೂ ತಪ್ಪಿಸ್ಕೊಂಡು, ಸಿಕ್ಮೇಲೆ ಏಟು ತಿಂದಿದ್ರಾ ಸರ್?" ನನ್ನ ಊಹೆಯ ಮೇಲೆ ನನಗೆ ಪೂರ್ತಿ ಭರವಸೆಯಿತ್ತು.

"ಇಲ್ಲಮ್ಮ. ನಾನೇ ಹೊಡ್ದೆ."

ಸಹಿಗೆಂದು ಎತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿ ಕೌಂಟರಿನ ಮೇಲಿಟ್ಟರು.

"ರಸೆಲ್ ಮಾರ್ಕೆಟ್ಟಲ್ಲಿ. ಹಬ್ಬದ ರಶ್ಶು. ಮಗಳು ಕೈ ಬಿಟ್ಬಿಟ್ಳು. ಅರ್ಧ ಗಂಟೆ ಹುಚ್ಚನ ಥರ ಹುಡುಕ್ದೆ. ಹೂವಿನ ಅಂಗಡಿ ಹತ್ರ ನಿಂತಿದ್ಳು. ನನ್ನ ನೋಡಿ ನಗ್ತಾ ಓಡ್ ಬಂದ್ಳು. 'ಅಪ್ಪ, ನೀನು ಸಿಕ್ಬಿಟ್ಟೆ' ಅಂದ್ಳು. ಪಾಪ, ಅವಳೂ ಹುಡುಕ್ತಿದ್ಳು ನನ್ನ. ಆ ಮಾತು ಮುಗಿಯೋಕ್ಮುಂಚೆ ಹೊಡ್ದುಬಿಟ್ಟೆ."

"ಈಗ ಅವರು?"

"ಮದುವೆಯಾಗಿ ಕೆ.ಆರ್. ಪುರಂನಲ್ಲೇ ಇದಾಳೆ. ಕೇಳಿದ್ರೆ ನೆನಪೇ ಇಲ್ಲ ಅಂತಾಳೆ."

ನಾನು ರಿಜಿಸ್ಟರನ್ನು ಎಳೆದುಕೊಂಡು ಹೊಸ ಸಾಲಿನಲ್ಲಿ ಬರೆದೆ. ಕಳೆದುಹೋದವರು: ಒಬ್ಬ ತಂದೆ, ರಸೆಲ್ ಮಾರುಕಟ್ಟೆ, ನೀಲಿ ಅಂಗಿ. ಅಂಗಿಯ ಬಣ್ಣ ನನ್ನ ಕಲ್ಪನೆ. ಕಾಯುತ್ತಿದ್ದವರು: ಮಗಳು. ಬರೆದು ಪುಸ್ತಕವನ್ನು ಅವರ ಕಡೆ ತಿರುಗಿಸಿ, ಪೆನ್ನನ್ನು ಅವರ ಬಲಗೈಗೆ ಕೊಟ್ಟೆ.

ಅವರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಕನ್ನಡಕ ಏರಿಸಿ ಎರಡು ಸಲ ಓದಿದರು. 'ನೀಲಿ' ಎಂಬುದನ್ನು ನೀಟಾಗಿ ಹೊಡೆದುಹಾಕಿ 'ಬಿಳಿ' ಎಂದು ತಿದ್ದಿದರು. ಆಮೇಲೆ ಮೂರನೆಯ ಕಾಲಮ್ಮಿನಲ್ಲಿ ಸಹಿ ಮಾಡಿದರು.

ನನ್ನ ಸರ್ಟಿಫಿಕೇಟು ಅಲ್ಲೇ ಪಕ್ಕದಲ್ಲಿತ್ತು. ಅದನ್ನು ನೆನಪಿಸಲು ನನಗೆ ಯಾವ ಅವಸರವೂ ಇರಲಿಲ್ಲ.