ಊಟದ ಸಾಲಿನ ವಿಡಿಯೋ

ನನಗೆ ಬರುವ ವಿದ್ಯೆ ಒಂದೇ, ಚೌಕಾಸಿ. ತರೀಕೆರೆಯ ಸಂತೆಯಲ್ಲಿ ಬೆಲೆ ಕೇಳಿ, ಮುಖ ಸಿಂಡರಿಸಿ, ನಾಲ್ಕು ಹೆಜ್ಜೆ ನಡೆದು, ಹಿಂದಿನಿಂದ ‘ಬನ್ನಿ ಸಾರ್’ ಎಂಬ ಕೂಗು ಬೀಳುವವರೆಗೆ ತಿರುಗಿ ನೋಡದಿರುವುದು ನನ್ನ ಪದ್ಧತಿ. ಕೆಲವು ಸಲ ಕೂಗು ಬೀಳುವುದೇ ಇಲ್ಲ. ಆಗ ಬಸ್ ಸ್ಟ್ಯಾಂಡಿನವರೆಗೂ ನಡೆದುಹೋಗಿ ಬರಿಗೈಯಲ್ಲಿ ಮನೆ ಸೇರಿದ್ದೂ ಉಂಟು. ಹೀಗಿರುವಾಗ ಮಗಳು ಚೈತ್ರಾಳ ಮದುವೆಗೆ ವಿಡಿಯೋದವರನ್ನು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ ಒಳಗೊಳಗೇ ಖುಷಿಯಾಯಿತು. ಅದಕ್ಕೆಂದು ಮೂವತ್ತು ಸಾವಿರ ತೆಗೆದಿಟ್ಟಿದ್ದೆ. ಅದರಲ್ಲೂ ಐದು ಉಳಿಸಿ ಹೆಂಡತಿ ಸರೋಜಳ ಕಣ್ಣಲ್ಲಿ ದೊಡ್ಡವನಾಗುವ ಆಸೆ.

ಚೈತ್ರಾ ಆರಿಸಿದ್ದು ಕಡೂರಿನ ಒಂದು ಹೊಸ ಸ್ಟುಡಿಯೋ. ಅಲ್ಲಿಯ ಯುವಕ ನಮ್ಮ ಮೂವರನ್ನೂ ಎ.ಸಿ. ಕೋಣೆಯಲ್ಲಿ ಕೂರಿಸಿ ಮೂರು ನಿಮಿಷದ ಮಾದರಿ ತೋರಿಸಿದ. ಅದರಲ್ಲಿ ಎರಡೂವರೆ ನಿಮಿಷ ಒಬ್ಬಳು ಮದುಮಗಳು ಅಮೃತಾಪುರದ ದೇವಸ್ಥಾನದ ಕಂಬಗಳ ನಡುವೆ ನಡೆಯುತ್ತಿದ್ದಳು. ನಮ್ಮ ಚೈತ್ರಾ ಅಷ್ಟು ನಿಧಾನವಾಗಿ ನಡೆದದ್ದು ಅಂಗನವಾಡಿಗೆ ಹೋಗುವಾಗ ಮಾತ್ರ. ಮದುವೆಗೆ ಮುಂಚೆ ಕೆಮ್ಮಣ್ಣುಗುಂಡಿಯಲ್ಲಿ ಒಂದು ದಿನದ ಶೂಟಿಂಗ್, ಮುಹೂರ್ತಕ್ಕೆ ಡ್ರೋನ್, ಎಲ್ಲ ಸೇರಿ ಒಂದೂಕಾಲು ಲಕ್ಷ ಎಂದ. ಛತ್ರದೊಳಗೆ ಫ್ಯಾನುಗಳಿರುತ್ತವಲ್ಲ, ಡ್ರೋನ್ ಎಲ್ಲಿ ಹಾರುತ್ತದೆ ಎಂದು ಕೇಳಿದೆ. ಚೈತ್ರಾ ನನ್ನ ಕಾಲು ತುಳಿದಳು. ಎದ್ದು ನಾಲ್ಕು ಹೆಜ್ಜೆ ನಡೆದೆ. ಕೂಗು ಬೀಳಲಿಲ್ಲ.

ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಅವಳನ್ನು ಪುಸಲಾಯಿಸಿ ಅಜ್ಜಂಪುರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಖಲೀಲ್ ಸಾಹೇಬರದು ಹಳೆಯ ಸ್ಟುಡಿಯೋ. ಸುತ್ತಲಿನ ಊರುಗಳ ಅರ್ಧದಷ್ಟು ಮದುವೆಗಳನ್ನು ಅವರೇ ತೆಗೆದಿದ್ದಾರೆ. ಮೂವತ್ತೆರಡು ಸಾವಿರ ಎಂದರು. ನಾನು ಮುಖ ಸಿಂಡರಿಸಲು ಶುರುಮಾಡಿದೆ. ಅವರು ಅದನ್ನು ಗಮನಿಸದೆ ನಾಲ್ಕು ವರ್ಷದ ಹಿಂದಿನ ಒಂದು ಮದುವೆಯ ವಿಡಿಯೋ ಹಾಕಿದರು. ನಮ್ಮ ಕಡೆ ಮಾದರಿ ನೋಡುವುದರಲ್ಲಿ ಒಂದು ತೊಂದರೆಯಿದೆ. ಯಾರ ಮದುವೆಯಾದರೂ ಅದರಲ್ಲಿ ನಮ್ಮವರು ನಾಲ್ಕು ಜನ ಇದ್ದೇ ಇರುತ್ತಾರೆ. ಸರೋಜ ಬೆಳಕು ಹೇಗಿದೆ, ಬಣ್ಣ ಹೇಗಿದೆ ಎಂದು ನೋಡುವುದು ಬಿಟ್ಟು ಯಾರು ಯಾವ ಸೀರೆ ಉಟ್ಟಿದ್ದಾರೆಂದು ನೋಡುತ್ತ ಕುಳಿತಳು.

ಆಮೇಲೆ ಊಟದ ಸಾಲು ಬಂತು. ಈ ಊಟದ ಸಾಲನ್ನು ಕಂಡರೆ ಚೈತ್ರಾಳಿಗೆ ಆಗುವುದಿಲ್ಲ. ‘ಅಪ್ಪಾ, ತಿನ್ನೋರ ಬಾಯಿಗೆಲ್ಲ ಕ್ಯಾಮೆರಾ ಹಿಡೀತಾರೆ’ ಎಂದು ಪಿಸುಗುಟ್ಟಿದಳು. ಕ್ಯಾಮೆರಾ ಎಲೆಯಿಂದ ಎಲೆಗೆ ಸಾಗುತ್ತಿತ್ತು. ಸರೋಜ ಇದ್ದಕ್ಕಿದ್ದಂತೆ, ‘ಸಾಹೇಬ್ರೇ, ನಿಲ್ಸಿ, ಒಂಚೂರು ಹಿಂದಕ್ಕೆ ಹಾಕಿ’ ಎಂದಳು.

ಪರದೆಯ ಮೇಲೆ ಇದ್ದವರು ನನ್ನ ಅತ್ತೆ, ಸರೋಜಳ ತಾಯಿ. ಅವರು ತೀರಿಕೊಂಡು ಮೂರು ವರ್ಷ. ಸಿಂಗಟಗೆರೆಯ ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಇರುವುದು ಒಂದೇ ಫೋಟೋ, ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವರು ನಮ್ಮೆಲ್ಲರ ಮೇಲೂ ಸಿಟ್ಟಾದಂತೆ ಕಾಣುತ್ತಾರೆ. ಇಲ್ಲಿ ಅವರು ಆಚೀಚೆ ಒಮ್ಮೆ ನೋಡಿ, ಎಲೆಯ ಮೇಲಿದ್ದ ಒಬ್ಬಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ಮೆಲ್ಲಗೆ ಚೀಲಕ್ಕೆ ಸೇರಿಸಿದರು. ಬಡಿಸುವವನು ಬಂದೊಡನೆ ಏನೂ ತಿಳಿಯದವರಂತೆ ಇನ್ನೊಂದಕ್ಕೆ ಕೈಯೊಡ್ಡಿ ನಕ್ಕರು. ಅಷ್ಟೇ, ಎಂಟು ಹತ್ತು ಸೆಕೆಂಡು.

‘ಅದು ನಂಗೆ ತಂದಿದ್ದು’ ಎಂದಳು ಚೈತ್ರಾ. ‘ಯಾವ್ ಮದ್ವೆಗ್ ಹೋದ್ರೂ ತರೋರು ಅಜ್ಜಿ.’

ಖಲೀಲ್ ಸಾಹೇಬರು ಯಾರೂ ಕೇಳದೆಯೇ ಮತ್ತೆ ಹಾಕಿದರು, ಮತ್ತೆ ಹಾಕಿದರು. ಅಮ್ಮ ನಗುವುದನ್ನು ಇನ್ನೊಮ್ಮೆ ನೋಡಲು ಸಿಕ್ಕೀತೆಂದು ಸರೋಜ ಎಂದೂ ಎಣಿಸಿರಲಿಲ್ಲ. ನಾನು ಏಳಬೇಕಾಗಿದ್ದದ್ದು, ನಾಲ್ಕು ಹೆಜ್ಜೆ ನಡೆಯಬೇಕಾಗಿದ್ದದ್ದು ಆಗಲೇ. ಕಾಲು ಏಳಲಿಲ್ಲ. ಕಣ್ಣೊರೆಸಿಕೊಳ್ಳುತ್ತ ‘ಆಗ್ಲಿ ಸಾಹೇಬ್ರೇ, ಮೂವತ್ತೆರಡೇ ಆಗ್ಲಿ’ ಎಂದುಬಿಟ್ಟೆ. ಅವರಿಗೆ ಗಾಬರಿಯಾಯಿತು. ‘ಸಾರ್, ನೀವು ಚೌಕಾಸಿ ಮಾಡ್ತೀರಿ ಅಂತ ನಾಕು ಸಾವ್ರ ಸೇರ್ಸಿ ಹೇಳಿದ್ದೆ. ಇಪ್ಪತ್ತೆಂಟೇ ಕೊಡಿ’ ಎಂದರು. ಜೀವನದಲ್ಲಿ ನಾನು ಮಾಡಿದ ಅತ್ಯುತ್ತಮ ಚೌಕಾಸಿ ಅದೇ. ಸಾಹೇಬರು ಆ ಮದುವೆಯ ಮನೆಯವರಿಗೆ ಫೋನ್ ಮಾಡಿ, ಅವರು ಒಪ್ಪಿದ ಮೇಲೆ ಆ ತುಣುಕನ್ನು ಸರೋಜಳ ಮೊಬೈಲಿಗೆ ಹಾಕಿಯೂ ಕೊಟ್ಟರು. ಹೊರಡುವಾಗ ಚೈತ್ರಾ ಬಾಗಿಲಲ್ಲಿ ನಿಂತು, ‘ಅಂಕಲ್, ನಮ್ ಮದ್ವೇಲಿ ಒಂದು ಎಲೇನೂ ಬಿಡ್ಬೇಡಿ’ ಎಂದಳು. ಡ್ರೋನಿನ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಹೆಣ್ಣಿನ ತಂದೆಯಾದ್ದರಿಂದ ನಾನು ಕುಳಿತದ್ದು ಕೊನೆಯ ಪಂಕ್ತಿಯಲ್ಲಿ. ಕ್ಯಾಮೆರಾ ಹತ್ತಿರ ಬರುತ್ತಿದ್ದಂತೆ ನನಗೆ ಜವಾಬ್ದಾರಿ ಹೊಳೆಯಿತು. ಮುಂದೊಂದು ದಿನ ಚೈತ್ರಾ ಇದನ್ನೇ ನಿಲ್ಲಿಸಿ ನೋಡಬಹುದು, ಅವಳಿಗೆ ನಾನು ಸಹಜವಾಗಿ ಕಾಣಬೇಕು. ಹಾಗೆಂದುಕೊಂಡದ್ದೇ ತಪ್ಪಾಯಿತು. ಮೊನ್ನೆ ವಿಡಿಯೋ ಬಂತು. ಅದರಲ್ಲಿ ನಾನು ಅನ್ನದ ತುತ್ತನ್ನು ಗಲ್ಲದ ಬಳಿ ಎತ್ತಿ ಹಿಡಿದು, ಕಣ್ಣು ಮಿಟುಕಿಸದೆ, ಪ್ರಮಾಣವಚನ ಸ್ವೀಕರಿಸುವವನಂತೆ ಕುಳಿತಿದ್ದೇನೆ. ಕ್ಯಾಮೆರಾ ಸಂಕೋಚಪಟ್ಟು ಮುಂದಿನ ಎಲೆಗೆ ಹೋಗಿದೆ.

ರಾತ್ರಿ ಗಂಡನ ಮನೆಯಿಂದ ಚೈತ್ರಾ ಫೋನ್ ಮಾಡಿದಳು. ನಗು ತಡೆಯಲಾಗದೆ, ‘ಅಪ್ಪಾ, ಆ ತುತ್ತು ಕೊನೆಗೂ ಬಾಯಿಗೆ ಹೋಯ್ತಾ?’ ಎಂದು ಕೇಳಿದಳು.

‘ಹೋಯ್ತು ಕಣೇ’ ಎಂದೆ. ಹೋಗಿರಲಿಲ್ಲ. ಆ ಪಂಕ್ತಿ ಮುಗಿದು ಅರ್ಧ ಗಂಟೆಗೆ ಅವಳನ್ನು ಗಂಡನ ಮನೆಗೆ ಕಳಿಸಿಕೊಡಬೇಕಾಗಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ನಗಲಿ ಎಂದು, ‘ಹೋಗಿದ್ದಷ್ಟೇ ಅಲ್ಲ, ಆಮೇಲೆ ಎರಡು ಸಲ ಅನ್ನ ಹಾಕಿಸ್ಕೊಂಡೆ’ ಎಂದು ಸೇರಿಸಿದೆ.