ಅಳಿಯನ ಬಾಯಿಯಾಗಿ ಕೋರ್ಟಿಗೆ ಹೋದದ್ದು

ನಾಲ್ಕು ಜನ ಸೇರಿದಲ್ಲಿ ನನ್ನ ಮರ್ಯಾದೆಗೆ ಏನಾದರೊಂದು ಆಗಿಯೇ ತೀರುತ್ತದೆ. ಎಪ್ಪತ್ತರ ದಶಕದಲ್ಲಿ ಇಂಡಿಯಿಂದ ಮುದ್ದೇಬಿಹಾಳದ ತನಕ, ಕಿವುಡರ ಕೈಮಾತನ್ನು ಕೋರ್ಟಿನಲ್ಲಿ ಬಿಡಿಸಿ ಹೇಳುವ ಗಂಡಸು ನಾನೊಬ್ಬನೇ. ಬೇರೆ ಯಾರೂ ಆ ಕೆಲಸ ಕೇಳಿರಲಿಲ್ಲ ಅನ್ನುವುದು ಬೇರೆ ಮಾತು.

೧. ಮೂರು ಕೂಗು

ಮೋರಟಗಿಯ ನನ್ನ ಅಕ್ಕನ ಮಗ ಹುಟ್ಟಾ ಕಿವುಡ; ಮಾತೂ ಇಲ್ಲ. ಅವನು ಕರುವಿನಿಂದ ಸಾಕಿದ ಬಿಳಿ ಎತ್ತನ್ನು ಪಕ್ಕದ ಹೊಲದವ ಹಿಡಿದು ಕಟ್ಟಿಕೊಂಡು "ನಂದು" ಅಂದ. ಬಿತ್ತನೆ ಹತ್ತಿರ ಬಂದಿತ್ತು. ಎತ್ತು ಬಾರದಿದ್ದರೆ ಹೊಲ ಬೀಳು. ಅಳಿಯ ಬಿಡುವವನಲ್ಲ, ದಾವೆ ಹೂಡಿದ.

ಮೊದಲ ತಾರೀಖಿಗೆ ಕೋರ್ಟಿನ ಜವಾನ, ಅಂದರೆ ಪಟ್ಟೆವಾಲ, ಬಾಗಿಲಲ್ಲಿ ನಿಂತು, ಪದ್ಧತಿಯಂತೆ ಅವನ ಹೆಸರನ್ನು ಮೂರು ಸಲ ಕೂಗಿದ. "ಗೈರುಹಾಜರ್ ರೀ ಸಾಹೇಬ್ರ!" ದಾವೆ ವಜಾ ಆಗುವುದೊಂದೇ ಬಾಕಿ. ಅಳಿಯ ಪಟ್ಟೆವಾಲನ ಕಾಲ ಬುಡದಲ್ಲೇ ಕೂತು ತಂಬಾಕು ತಿಕ್ಕುತ್ತಿದ್ದ.

ನಾನು ಹಾರಿ ಎದ್ದೆ: "ಇಂವಾ ಇಲ್ಲೇ ಅದಾನ್ರಿ! ಕಿವಿ ಕೇಳಂಗಿಲ್ರಿ!"

ಪಟ್ಟೆವಾಲನಿಗೆ ಸಿಟ್ಟು ಬಂತು: "ಮೊದಲ ಹೇಳಿದ್ರ ಇನ್ನೊಂದ ಸಲ ಕೂಗ್ತಿದ್ದೆನಲ್ಲೋ ಕಾಕಾ!"

೨. ರಟ್ಟೆಯ ಪಾಡು

ನ್ಯಾಯಾಧೀಶ ಸಾಹೇಬರು ನನ್ನಿಂದ ಪ್ರಮಾಣ ಮಾಡಿಸಿ, ಅಳಿಯನ ಪಕ್ಕ ದುಭಾಷಿಯಾಗಿ ನಿಲ್ಲಿಸಿದರು. ಎದುರಾಳಿಯ ವಕೀಲರು ಅರ್ಧ ತಾಸು ಗುಡುಗಿದರು. ನಾನು ಅಳಿಯನ ಕಡೆ ತಿರುಗಿ ಒಮ್ಮೆ ಕೈ ಝಾಡಿಸಿದೆ.

"ಅಷ್ಟ ಏನ್ರಿ?" ಸಾಹೇಬರು ಕನ್ನಡಕ ಇಳಿಸಿದರು.

"ಹೂಂನ್ರಿ. ಅದರಾಗ ಇದ್ದದ್ದ ಅಷ್ಟರೀ."

ಕೋರ್ಟು ನಕ್ಕಿತು, ಅಳಿಯ ನಗಲಿಲ್ಲ. ನನ್ನ ಧೋತರ ಜಗ್ಗಿ, ಎಲ್ಲಾ ಹೇಳು ಎಂದು ಸನ್ನೆ ಮಾಡಿದ. ಅವನ ಎತ್ತು, ಅವನ ದಾವೆ. ಸಾಹೇಬರೂ ಅವನ ಪರವೇ: "ಒಂದೂ ಬಿಡಬ್ಯಾಡ್ರಿ." ವಕೀಲರು ಮತ್ತೆ ಮೊದಲಿನಿಂದ ಶುರು ಮಾಡಿದರು. ಸಂಜೆಗೆ ನನ್ನ ರಟ್ಟೆ ಎಷ್ಟು ಸೋತಿತ್ತೆಂದರೆ, ರೊಟ್ಟಿ ಮುರಿದು ಬಾಯಿಗಿಡು ಅಂತ ಹೆಂಡತಿಗೆ ಹುಬ್ಬಿನಿಂದಲೇ ಸನ್ನೆ ಮಾಡಬೇಕಾಯಿತು.

೩. ಎರಡನೇ ದುಭಾಷಿ

"ಮಾವನೇ ದುಭಾಷಿ! ತನ್ನ ಮನಸಿಗೆ ಬಂದದ್ದ ಹೇಳ್ತಾನ್ರಿ," ಎಂದು ವಕೀಲರು ತಕರಾರು ತೆಗೆದರು. ಸಾಹೇಬರು ಎತ್ತನ್ನೇ ತರಿಸಿ, ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿದರು. "ಇಬ್ಬರೂ ಕರೀರಿ."

ಪಕ್ಕದ ಹೊಲದವ ಗಂಟಲು ಹರಿಯುವ ಹಾಗೆ ಕೂಗಿದ. ಎತ್ತು ಬಾಲದಿಂದ ನೊಣ ಹೊಡೆದುಕೊಂಡಿತು. ಅಳಿಯ ಸದ್ದಿಲ್ಲದೆ ಅಂಗೈ ಎತ್ತಿ, ಎದೆಯ ಕಡೆ ಎರಡು ಸಲ ಎಳೆದುಕೊಂಡ. ಎತ್ತು ನಡೆದು ಬಂದು ಅವನ ಮುಂದೆ ನಿಂತಿತು. ಅಂಗೈ ಕೆಳಗಿಳಿಸಿದ, ಕೂತಿತು. ಹುಟ್ಟಿದಾಗಿನಿಂದ ಅದು ಮನುಷ್ಯನ ದನಿಗೆ ದುಡಿದದ್ದೇ ಇಲ್ಲ!

ದಾವೆ ಗೆದ್ದೆವು. ಸಾಹೇಬರು ನಕ್ಕು, "ದುಭಾಷಿ ಹ್ಯಾಂಗ ಮಾಡಿದಾ ಅಂತ ಅವನ್ನ ಕೇಳ್ರಿ," ಅಂದರು. ಕೇಳಿದೆ. ಅಳಿಯ ಎರಡು ಸನ್ನೆ ಮಾಡಿದ.

ನಾನು ಎದೆ ಉಬ್ಬಿಸಿದೆ: "ನಾಲ್ಕು ತಾಲೂಕಿನಾಗ ಇಂಥಾ ದುಭಾಷಿ ಇಲ್ಲಂತಾನ್ರಿ."

ಹಿಂದಿನಿಂದ ಪಟ್ಟೆವಾಲ ಕೆಮ್ಮಿದ. ಇಷ್ಟು ತಾರೀಖು ನೋಡಿ ನೋಡಿ ಅವನಿಗೂ ಸನ್ನೆ ತಿಳಿಯುತ್ತಿತ್ತು.

"ಹಂಗ ಅಂದದ್ದು ಖರೇರಿ ಸಾಹೇಬ್ರ. ಆದ್ರ ಬೆರಳು ಎತ್ತಿನ ಕಡಿ ತೋರಸಾಕತ್ತಾನ!"