ಮಾದರಿ ಕುಟುಂಬದ ಯಜಮಾನ

ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಾಗ ಎಲ್ಲರೂ ಚಪ್ಪಲಿ ಬಿಟ್ಟು ಅದರ ಮುಂದೆ ಕೈಕಟ್ಟಿ ನಿಂತರು. ನಾನೊಬ್ಬನೇ ಬುದ್ಧಿ ಉಪಯೋಗಿಸಿದೆ. ಎಡವಟ್ಟಾಗಿದ್ದು ಅಲ್ಲೇ!

ಎಂಬತ್ತರ ದಶಕದ ಕೊನೆಯ ಮಾತು. ಕಚೇರಿಯ ಹೆಸರು ಬೇಡ, ಪಡಿತರ ಚೀಟಿಗೆ ಸಂಬಂಧಪಟ್ಟಿದ್ದು ಅಂದರೆ ಸಾಕು. ರಾಯಚೂರು, ದೇವದುರ್ಗ, ಮಾನ್ವಿ, ಮೂರೂ ಕಡೆಯ ಹಳೇ ರಿಜಿಸ್ಟರುಗಳಲ್ಲಿದ್ದ ಕುಟುಂಬಗಳನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಹುಕುಂ ಬಂತು. ಮೂರು ಊರಿಗೆ ಮೂರು ತರಹದ ಹಾಳೆ ಯಾಕೆ, ಮೂವರು ಟೈಪಿಸ್ಟರು ಯಾಕೆ? ಒಂದೇ ನಮೂನೆಯ ಹಾಳೆ, ಒಬ್ಬರೇ ರುಕ್ಮಿಣಿಬಾಯಿ, ಎಲ್ಲರೂ ಹಂಚಿಕೊಂಡರಾಯಿತು ಎಂದು ಸವಿನಯ ಸಲಹೆ ಸಲ್ಲಿಸಿದೆ. ಸಾಹೇಬರು ಬೆನ್ನು ತಟ್ಟಿದರು. ಆ ತಟ್ಟಿದ ಜಾಗ ಈಗಲೂ ಉರಿಯುತ್ತದೆ.

ಹಾಳೆಯಲ್ಲಿ ಐದು ಕಲಂ: ಊರು, ಯಜಮಾನನ ಹೆಸರು, ಸದಸ್ಯರ ಹೆಸರು, ಸಂಬಂಧ, ವಯಸ್ಸು. ತುಂಬುವವರಿಗೆ ತಿಳಿಯಲೆಂದು ಪ್ರತಿ ಹಾಳೆಯ ಮೊದಲ ಸಾಲಿನಲ್ಲೇ ಒಂದು ಮಾದರಿ ಅಚ್ಚು ಹಾಕಿಸಿದೆ. ಯಾರ ಹೆಸರು? ನನ್ನದೇ! ಅಚ್ಚಿನಲ್ಲಿ ಹೆಸರು ಬರುತ್ತದೆಂದರೆ ಯಾರಿಗೆ ಆಸೆಯಿಲ್ಲ?

ನಮ್ಮ ಗುಮಾಸ್ತರಿಗೆ ತಲೆಮಾರಿನಿಂದ ಒಂದು ರೂಢಿ. ಮೇಲಿನ ಸಾಲಿನ ಹೆಸರೇ ಮತ್ತೆ ಬಂದರೆ ಅದನ್ನು ಬರೆಯುವುದಿಲ್ಲ, 'ಸದರಿ' ಎಂದು ಗೀಚುತ್ತಾರೆ. ಯಂತ್ರಕ್ಕೆ ಸದರಿ ಎಲ್ಲಿ ಗೊತ್ತಾಗಬೇಕು? ಅದಕ್ಕೇ ರುಕ್ಮಿಣಿಬಾಯಿಗೆ ಖುದ್ದಾಗಿ ಅಪ್ಪಣೆ ಕೊಟ್ಟಿದ್ದೆ: "ಬಾಯಾರ, ಸದರಿ ಅಂತ ಕಂಡ್ರ ಮ್ಯಾಲಿನ ಸಾಲಿನ ಹೆಸರು ಟೈಪ್ ಹೊಡೀರಿ. ತಲಿ ಓಡಿಸಬ್ಯಾಡ್ರಿ."

ರುಕ್ಮಿಣಿಬಾಯಿ ತಲೆ ಓಡಿಸಲಿಲ್ಲ. ಅಕ್ಷರಶಃ!

ತಿಂಗಳೊಪ್ಪತ್ತಿನಲ್ಲಿ ಕೆಲಸ ಮುಗಿಯಿತು. ಹಳೇ ರಿಜಿಸ್ಟರುಗಳಿಗೆ ಬೀಗ ಬಿತ್ತು. ಅದೇ ವಾರ ದೇವದುರ್ಗದ ಬಸ್ಸಿಳಿದು ನಮ್ಮ ಮಾವ ಮನೆಗೆ ಬಂದರು. ಮುಖ ಕಪ್ಪಿಟ್ಟಿತ್ತು. ಎಂಟು ದಿನಕ್ಕೆ ಅವರ ಒಬ್ಬನೇ ಮಗ ಬಸವರಾಜನ ಮದುವೆ. ಮದುವೆಗೆಂದು ಪಡಿತರದ ಹೆಚ್ಚುವರಿ ಸಕ್ಕರೆಗೆ ಪರವಾನಗಿ ಕೇಳಲು ಅಲ್ಲಿಯ ಕಚೇರಿಗೆ ಹೋಗಿದ್ದರಂತೆ.

"ಸಕ್ಕರಿ ಇಲ್ಲಂದ್ರು ಅಳಿಯಪ್ಪಾ! ಪಟ್ಟಿಯೊಳಗ ನಾ ಒಬ್ಬಾಂವನ ಅದೀನಂತ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಯಾರ ಲಗ್ನ ಮಾಡಾಕತ್ತೀಯೋ ಮುದುಕಪ್ಪಾ ಅಂತ ನಕ್ರು!"

"ಏನೂ ಕಾಳಜಿ ಮಾಡಬ್ಯಾಡ್ರಿ. ಇಡೀ ಯೋಜನಾ ನಂದ ಅದ" ಎಂದೆ. ಹೆಂಡತಿ ಗಿರಿಜಾ ನನ್ನನ್ನೇ ನೋಡಿದಳು. "ಅದಕ್ಕ ಕಾಳಜಿ ಆಗಾಕತ್ತದ" ಎಂದಳು.

ಕಚೇರಿಗೆ ಹೋದರೆ ರುಕ್ಮಿಣಿಬಾಯಿ ಕಂಪ್ಯೂಟರಿನಿಂದ ಅಚ್ಚಾಗಿ ಬರುತ್ತಿದ್ದ ಉದ್ದನೆಯ ಕಾಗದ ಮಡಚುತ್ತ ಕೂತಿದ್ದರು.

"ನಿಮ್ಮ ಮನಿನೇ ಇನ್ನಾ ಮುಗಿದಿಲ್ರೀ. ಹನ್ನೊಂದನೇ ಪುಟ ನಡದದ."

ಓದಿದೆ. ಯಜಮಾನ ನಾನು. ಮಾನ್ವಿಯಲ್ಲಿ ಹೆಂಡತಿಯರು, ದೇವದುರ್ಗದಲ್ಲಿ ಹೆಂಡತಿಯರು, ರಾಯಚೂರು ಕಡೆಯ ಗಿಲ್ಲೆಸುಗೂರಿನಲ್ಲಿ ಎಪ್ಪತ್ತು ದಾಟಿದ ಇಬ್ಬರು ಗಂಡುಮಕ್ಕಳು!

ಆದದ್ದು ಇಷ್ಟೇ. ಒಂದು ಕುಟುಂಬ ಒಂದು ಹಾಳೆಯಲ್ಲಿ ಮುಗಿಯದೆ ಮುಂದಿನ ಹಾಳೆಗೆ ಹೋದಾಗ ಗುಮಾಸ್ತರು ರೂಢಿಯಂತೆ ಯಜಮಾನನ ಕಲಂನಲ್ಲಿ 'ಸದರಿ' ಎಂದು ಬರೆದಿದ್ದರು. ಆದರೆ ಪ್ರತಿ ಹಾಳೆಯ ತಲೆಯ ಮೇಲೆ ನಾನು ಕೂತಿದ್ದೆ! ಹಾಳೆ ದಾಟಿದವರೆಲ್ಲ ನನ್ನ ಮನೆ ಸೇರಿದ್ದರು. ನಮ್ಮ ಮಾವನ ಹೆಸರು ಒಂದು ಹಾಳೆಯ ಕಟ್ಟಕಡೆಯ ಸಾಲು. ಮುಂದಿನ ಹಾಳೆಯ ಮೊದಲ ಹೆಸರು ನಮ್ಮ ಅತ್ತೆಯವರದು. ಸಂಬಂಧ: ಹೆಂಡತಿ.

ಅಳಿಯನೆದುರು ಸೆರಗು ಸರಿಸದ, ಬಾಗಿಲ ಮರೆಯಿಂದಲೇ ಮಾತಾಡುವ ನನ್ನ ಅತ್ತೆ! ನನಗೆ ನಿಂತಲ್ಲೇ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅವರ ಕೆಳಗೆ ಬಸವರಾಜ. ಸಂಬಂಧ: ಮಗ. ನನಗಿಂತ ಅವನು ಮೂರು ವರ್ಷ ಚಿಕ್ಕವನು.

ಸಾಹೇಬರ ಕಾಲಿಗೆ ಬೀಳುವುದೊಂದು ಬಾಕಿ.

"ತಿದ್ದಾಕ ಆರು ತಿಂಗಳು ಬೇಕ್ರೀ" ಎಂದರು ಅವರು. "ಸದ್ಯ ದಫ್ತರದಾಗ ವರನ ತಂದಿ ನೀವ. ಸಕ್ಕರಿ ಬೇಕಂದ್ರ ಅರ್ಜಿಗೆ ನೀವ ಸಹಿ ಮಾಡ್ರಿ."

ಮಾಡಿದೆ. ಸಕ್ಕರೆ ಬಂತು. ಅದರ ಹಿಂದೆಯೇ ಸುದ್ದಿಯೂ ದೇವದುರ್ಗ ತಲುಪಿತು. ಅತ್ತೆಯವರು ಮದುವೆ ಮುಗಿಯುವವರೆಗೂ ಅಡುಗೆಮನೆ ಬಿಟ್ಟು ಹೊರಬರಲಿಲ್ಲ. ಒಬ್ಬನೇ ಮಗನಿಗೆ ಅಕ್ಷತೆಯ ಅಕ್ಕಿಕಾಳನ್ನೂ ಕಿಟಕಿಯಿಂದಲೇ ಹಾಕಿದರು. ಅದನ್ನು ಕಂಡಾಗ ಮಾತ್ರ ನನಗೆ ನಗು ಬರಲಿಲ್ಲ.

ಊಟಕ್ಕೆ ಮೊದಲು ಮದುಮಗ ತನ್ನ ತಂದೆಯ, ಅಂದರೆ ನಮ್ಮ ಮಾವನ ಕಾಲಿಗೆ ಬಿದ್ದ. ಅವರು ನೂರು ವರ್ಷ ಬಾಳು, ಮನಿ ತುಂಬಾ ಮಕ್ಕಳಾಗಲಿ, ಬಾವಿ ತುಂಬಾ ನೀರಿರಲಿ ಎಂದು ಹರಸಿದರು. ಆಮೇಲೆ ಅವನು ನೆಟ್ಟಗೆ ನನ್ನ ಬಳಿ ಬಂದ. ಧಡಕ್ಕನೆ ನನ್ನ ಕಾಲಿಗೂ ಬಿದ್ದ.

"ಆಶೀರ್ವಾದ ಮಾಡೋ ಯಪ್ಪಾ!"

ಹಂದರವೆಲ್ಲ ಗೊಳ್ಳೆಂದಿತು. ಗಿರಿಜಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಹೇಳ್ರಿ, ಸುಮ್ಕ ಯಾಕ ನಿಂತ್ರಿ?" ಎಂದರು ಮಾವ.

ಹತ್ತು ವರ್ಷದ ನೌಕರಿ ನನ್ನ ಬಾಯಿಂದ ಹೊರಡಿಸಿದ್ದು ಒಂದೇ ಮಾತು.

"ಸದರಿ."